ತೆರೆಯ ಅಂಚಿನಲ್ಲಿ ನಮ್ಮ ಕಾಕಾ!

“ನಮ್ಮ ಕಾಕಾ ಸಿನಿಮಾದಾಗ ಪಾರ್ಟ್ ಮಾಡ್ಯಾನ!”

ಬನಹಟ್ಟಿಯ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆ ಓದುತ್ತಿದ್ದಾಗ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಇದೊಂದೇ ಮಾತಿನ ಬಲದ ಮೇಲೆ ಗೆಳೆಯರ ಪೇರಲ ಹಣ್ಣಿನಲ್ಲಿ ನನಗೆ ಪಾಲು ಸಿಗುತ್ತಿತ್ತು. ಗೋಲಿ ಆಟದಲ್ಲಿ ಮೊದಲ ಪಾಳಿ ನನ್ನದಾಗುತ್ತಿತ್ತು. ಸಿನಿಮಾದವರ ಮನೆಯ ಹುಡುಗ ಎಂದರೆ ಸುಮ್ಮನೆಯೇ?

ಸುಳ್ಳಲ್ಲ ಓದುಗ ಮಿತ್ರರೇ! ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, 1996ರಲ್ಲಿ ಮಗ್ಗ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ್ದ. ಗಾಂಧಿನಗರದಲ್ಲಿ ಏಳು ತಿಂಗಳು ಚಪ್ಪಲಿ ಸವೆಸಿದ. ಕೊನೆಗೆ ಒಂದು ಚಿತ್ರದಲ್ಲಿ ಅವಕಾಶ ಸಿಕ್ಕಿತು. ಚಹಾದಂಗಡಿಯ ಮುಂದೆ ಹೀರೋ ಸೈಕಲ್ ನಿಲ್ಲಿಸಿ ಖಳನಾಯಕನಿಗೆ ಸವಾಲು ಹಾಕುವ ದೃಶ್ಯ. ಬಲಗಡೆ ಹೀರೋ, ನಡುವೆ ಖಳನಾಯಕ. ಎಡ ತುದಿಯಲ್ಲಿ ಕೈಯಲ್ಲಿ ಚಹಾದ ಗ್ಲಾಸು ಹಿಡಿದು ಬಾಯಿ ತೆರೆದು ನಿಂತವನೇ ನಮ್ಮ ಕಾಕಾ! ಒಂದೂ ಮಾತಿಲ್ಲ. ಐದಾರು ಸೆಕೆಂಡಿನ ಪಾತ್ರ. ಚಿತ್ರದ ಹೆಸರು ಇಲ್ಲಿ ಬೇಡ, ಅದರವರ ಮೇಲೆ ನನಗೇನೂ ತಕರಾರಿಲ್ಲ.

ಆ ಚಿತ್ರ ಜಮಖಂಡಿಗೆ ಬಂದದ್ದು 1997ರಲ್ಲಿ, ನಾನು ಹುಟ್ಟಿದ ವರ್ಷ. ಅಷ್ಟರಲ್ಲಿ ಕಾಕಾ ಸೋತು ಊರಿಗೆ ಮರಳಿ ಮತ್ತೆ ಮಗ್ಗದ ಮುಂದೆ ನಿಂತಿದ್ದ. ಒಬ್ಬನೇ ಜಮಖಂಡಿಗೆ ಹೋಗಿ ಮ್ಯಾಟಿನಿ ನೋಡಿ ಬಂದ. ಪಗಾರ ಆದ ಮೇಲೆ ಮನೆಮಂದಿಯನ್ನೆಲ್ಲ ಕರೆದೊಯ್ಯಬೇಕೆಂದಿದ್ದ. ಶುಕ್ರವಾರ ಬರುವಷ್ಟರಲ್ಲಿ ಟಾಕೀಜಿನಲ್ಲಿ ಬೇರೆ ಚಿತ್ರದ ಪೋಸ್ಟರ್ ಅಂಟಿತ್ತು!

ಹೀಗಾಗಿ ಕಾಕಾನನ್ನು ಬೆಳ್ಳಿತೆರೆಯ ಮೇಲೆ ನೋಡಿದವನು ಕಾಕಾ ಒಬ್ಬನೇ. “ಜಮಖಂಡಿ ತೆರಿ ಮ್ಯಾಲ ನಾ ಹೀರೋನಷ್ಟ ಎತ್ತರ ಇದ್ನೋ ತಮ್ಮಾ” ಎಂದು ಅವನು ಹೇಳುವಾಗ ನಾನು ಕಣ್ಣರಳಿಸಿ ಕೇಳುತ್ತಿದ್ದೆ.

ಸೀಡಿಯಲ್ಲಿ ಕಾಕಾ ಇಲ್ಲ!

2005ರಲ್ಲಿ ಆ ಚಿತ್ರದ ಸೀಡಿ ನಮ್ಮೂರಿಗೆ ಬಂತು. ಅಪ್ಪ ಪ್ಲೇಯರ್ ಬಾಡಿಗೆಗೆ ತಂದ. ಪಕ್ಕದ ಮನೆಯ 21 ಇಂಚಿನ ಕಲರ್ ಟೀವಿ ನಮ್ಮ ಪಡಸಾಲೆಗೆ ಬಂತು. ಓಣಿಯ ಮಂದಿಯೆಲ್ಲ ನೆರೆದರು. ಕಾಕಿ ಹೊಸ ಸೀರೆ ಉಟ್ಟು ಬಾಗಿಲ ಮರೆಯಲ್ಲಿ ನಿಂತಳು. ನಾನಂತೂ ನಮ್ಮ ಕ್ಲಾಸಿನ ಅರ್ಧ ಹುಡುಗರನ್ನು ಕರೆತಂದಿದ್ದೆ.

ಚಹಾದಂಗಡಿ ಬಂತು. ಸೈಕಲ್ ಬಂತು. ಹೀರೋ ಬಂದ, ಖಳನಾಯಕ ಬಂದ... ಕಾಕಾ ಮಾತ್ರ ಬರಲಿಲ್ಲ! ಖಳನಾಯಕನ ಹೆಗಲಿನ ಪಕ್ಕಕ್ಕೇ ಟೀವಿಯ ಅಂಚು ಮುಗಿದುಹೋಗಿತ್ತು.

“ಎಲ್ಲಿ ಅದಾನೋ ನಿಮ್ಮ ಕಾಕಾ?”

ಹಿಂದಕ್ಕೆ ಹಾಕಿದರು, ಮತ್ತೆ ನೋಡಿದರು. ಮೂರು ಸಲ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ, ಇಡೀ ಪಡಸಾಲೆ ನಕ್ಕಿತು. ಕಾಕಾ ಏನೂ ಅನ್ನದೆ ಎದ್ದು ಮಗ್ಗದ ಖೋಲಿಗೆ ಹೋದ. ಸ್ವಲ್ಪ ಹೊತ್ತಿಗೆ ಮಗ್ಗದ ಖಟಪಟ ಸದ್ದು ಕೇಳಿಸಿತು. ಅಂದು ಹಬ್ಬ, ಯಾರೂ ಮಗ್ಗ ಹಚ್ಚುವ ದಿನವಲ್ಲ.

ಅಂದಿನಿಂದ ಓಣಿಯಲ್ಲಿ ಅವನ ಹೆಸರೇ ‘ಹೀರೋ’ ಆಯಿತು. “ಹೀರೋ ಬಂದ ನೋಡ್ರೆಪಾ, ದಾರಿ ಬಿಡ್ರಿ!” ಇದೆಲ್ಲ ಇರಲಿ. ಮರುದಿನ ಶಾಲೆಯಲ್ಲಿ ಮಾನ ಹೋದ ಸಿಟ್ಟಿಗೆ ನಾನೇ ಮನೆಗೆ ಬಂದು, “ಕಾಕಾ, ನೀ ಸುಳ್ಳ ಹೇಳ್ದಿ” ಎಂದುಬಿಟ್ಟೆ. ಎಂಟು ವರ್ಷದ ಬಾಯಿಂದ ಬಂದ ಮಾತು. ಕಾಕಾ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಆ ಮೇಲೆ ನನ್ನ ಮುಂದೆ ಸಿನಿಮಾದ ಸುದ್ದಿ ಎತ್ತಲೇ ಇಲ್ಲ.

ಮುಧೋಳದಲ್ಲಿ ಕಲಿತ ಪಾಠ

2014ರಲ್ಲಿ ಪಿ.ಯು.ಸಿ. ಎರಡನೇ ವರ್ಷಕ್ಕೆ ಕೈಮುಗಿದು ಹೊರಬಂದೆ. ಅಪ್ಪ ಮಗ್ಗ ತೋರಿಸಿದ. ನಾನು ಮುಧೋಳದ ದಾರಿ ಹಿಡಿದೆ. ಅಲ್ಲೊಬ್ಬರು ಮದುವೆ ವಿಡಿಯೋ ತೆಗೆಯುವ ಮಾಲೀಕರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಲೈಟು ಹಿಡಿಯುವುದು, ವೈರು ಸುತ್ತುವುದು, ರಾತ್ರಿ ಡಿವಿಡಿ ಬರೆಯುವುದು ನನ್ನ ಕೆಲಸ.

ಒಂದು ಮದುವೆಯ ಡಿವಿಡಿ ನಾನೇ ಮಾಡಿದೆ. ಕ್ಯಾಮೆರಾದಲ್ಲಿ ಚಿತ್ರ ಅಗಲ, ಗಿರಾಕಿಯ ಮನೆಯ ಟೀವಿ ಹಳೆಯದು, ಚೌಕ. ಟೀವಿ ತುಂಬಾ ಚಿತ್ರ ಬರಲಿ ಎಂದು ಎರಡೂ ಬದಿ ಕತ್ತರಿಸಿ ಕೂರಿಸಿದೆ. ಮೂರನೇ ದಿನ ಮದುಮಗನ ಅಣ್ಣ ಅಂಗಡಿಗೆ ಬಂದ. “ನಮ್ಮ ಮುತ್ಯಾ ಎಲ್ಲಿ? ಅಕ್ಷತಿ ಹಾಕು ಮುಂದ ಬಾಜೂಕನ ನಿಂತಿದ್ನಲ್ರೀ!” ಆ ಮುತ್ಯಾ ಮದುವೆಯಾದ ಎರಡೇ ದಿನಕ್ಕೆ ತೀರಿಕೊಂಡಿದ್ದರಂತೆ. ಅವರ ಕೊನೆಯ ಚಿತ್ರ ನನ್ನ ಕತ್ತರಿಯಲ್ಲಿ ಹೋಗಿತ್ತು!

ಪುಣ್ಯಕ್ಕೆ ಮೂಲ ಪ್ರತಿ ಕಂಪ್ಯೂಟರಿನಲ್ಲಿತ್ತು. ಮಾಲೀಕರು ಬೈಯಲಿಲ್ಲ. ಬೇರೆ ಡಿವಿಡಿ ಬರೆದು ಕೊಟ್ಟು ಕಳಿಸಿ, ನನ್ನನ್ನು ಕೂರಿಸಿಕೊಂಡು ಲಗ್ನಪತ್ರಿಕೆಯ ಬೆನ್ನ ಮೇಲೆ ಮೂರು ಪೆಟ್ಟಿಗೆ ಬರೆದರು.

“ನೋಡು, ಇದು ಹಳೇ ಟೀವಿ. ಎತ್ತರ 3 ಇದ್ರ ಅಗಲ 4. ಇದು ಹೊಸಾ ಟೀವಿ. ಎತ್ತರ 9, ಅಗಲ 16. ಇದು ಸಿನಿಮಾಸ್ಕೋಪು. ಎತ್ತರ 1 ಇದ್ರ ಅಗಲ 2.35. ಇದಕ್ಕ ಆಸ್ಪೆಕ್ಟ್ ರೇಶಿಯೋ ಅಂತಾರ. ನೀ ನೇಕಾರ್ರ ಹುಡುಗ ಅದಿ, ನಿನಗ ಪನ್ನಾ ಅಂದ್ರ ತಿಳಿತೈತಿ. ಇದು ಚಿತ್ರದ ಪನ್ನಾ. 50 ಇಂಚು ಪನ್ನಾದ ಸೀರಿ ನೇಯ್ದು, ಎರಡೂ ದಡಿ ಕತ್ತರಿಸಿ 28 ಇಂಚು ಕೊಟ್ರ ಯಾರರ ಉಡ್ತಾರೇನು? ಸ್ಕೋಪ್ ಚಿತ್ರಾನ ಹಳೇ ಟೀವಿ ತುಂಬಾ ತುರುಕಿದ್ರ ಅಷ್ಟ ಉಳಿತೈತಿ.”

ನನ್ನ ಮೈ ಜುಮ್ಮೆಂದಿತು. ಮುತ್ಯಾ ಅಲ್ಲ, ನನ್ನ ಕಣ್ಣ ಮುಂದೆ ಬಂದವನು ಚಹಾದ ಗ್ಲಾಸು ಹಿಡಿದ ಕಾಕಾ!

ಅವರೇ ಮುಂದುವರಿಸಿದರು. ಸೀಡಿ ಮಾಡುವಾಗ ಸ್ಕೋಪ್ ಚಿತ್ರದ ಮೇಲೆ ಟೀವಿ ಅಳತೆಯ ಒಂದು ಕಿಟಕಿ ಇಡುತ್ತಾರೆ. ಆಪರೇಟರ್ ಅದನ್ನು ಎಡಕ್ಕೆ ಬಲಕ್ಕೆ ಸರಿಸುತ್ತಾನೆ. ಹೀರೋ ಎಲ್ಲಿದ್ದರೆ ಕಿಟಕಿ ಅಲ್ಲಿ. ಉಳಿದ 43 ಪಾಲು ಚಿತ್ರ ಕತ್ತಲೆಗೆ. ಇದಕ್ಕೆ ‘ಪ್ಯಾನ್ ಅಂಡ್ ಸ್ಕ್ಯಾನ್’ ಎಂದು ಹೆಸರು. ನಿರ್ದೇಶಕ ತಿಂಗಳುಗಟ್ಟಲೆ ಯೋಚಿಸಿ ಹಾಕಿದ ಗೆರೆಯನ್ನು ಯಾರೋ ಒಬ್ಬ ಮಧ್ಯಾಹ್ನದ ಊಟದೊಳಗೆ ಅಳಿಸಿ ಹಾಕಬಲ್ಲ!

ಚೌಕದಿಂದ ಅಗಲಕ್ಕೆ

ಅಂದಿನಿಂದ ನನಗೆ ಇದೇ ಹುಚ್ಚು. ಯಾವ ಚಿತ್ರ ನೋಡಿದರೂ ಮೊದಲು ತೆರೆಯ ಅಂಚು ನೋಡುವ ಚಾಳಿ ಬಿತ್ತು. ಓದಿದೆ, ಕೇಳಿದೆ, ಆ ಮೇಲೆ ಪತ್ರಿಕೆಗಳಿಗೆ ಬರೆಯತೊಡಗಿದೆ. ತಿಳಿದದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ಮೊದಲು ಎಲ್ಲ ಚಿತ್ರಗಳೂ ಹೆಚ್ಚು ಕಡಿಮೆ ಚೌಕವೇ. ನಮ್ಮ ಅತ್ತೆಯ ಊರು ಬೀಳಗಿ. ಅದೇ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಹೆಸರಾದರು. ಆ ಕಾಲದ ಚಿತ್ರಗಳ ಅಳತೆ 1.37. ಒಂದು ಮುಖಕ್ಕೆ ಹೇಳಿ ಮಾಡಿಸಿದ ಚೌಕಟ್ಟು. ಹಾಡುವ ನಾಯಕಿಯ ಮುಖ ತೆರೆಯ ತುಂಬಾ ಬಂದರೆ ಪಕ್ಕದಲ್ಲಿ ಖಾಲಿ ಜಾಗವೇ ಇರುತ್ತಿರಲಿಲ್ಲ.

ಆ ಮೇಲೆ ಅಮೆರಿಕದಲ್ಲಿ ಮನೆಮನೆಗೆ ಟೀವಿ ಬಂತು. ಟಾಕೀಜಿಗೆ ಬರುವವರು ಕಡಿಮೆಯಾದರು. ಟೀವಿಯಲ್ಲಿ ಸಿಗದ್ದನ್ನು ತೋರಿಸಬೇಕೆಂದು 1953ರಲ್ಲಿ ‘ದಿ ರೋಬ್’ ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ಬಿಡುಗಡೆ ಮಾಡಿದರು. ಉಪಾಯ ಸರಳ. ಕ್ಯಾಮೆರಾದ ಲೆನ್ಸು ಅಗಲವಾದ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಫಿಲ್ಮಿನಲ್ಲಿ ಕೂರಿಸುತ್ತದೆ. ರೀಲನ್ನು ಬೆಳಕಿಗೆ ಹಿಡಿದರೆ ಎಲ್ಲರೂ ಕೊಕ್ಕರೆಯಂತೆ ಸಣಕಲು! ಟಾಕೀಜಿನ ಲೆನ್ಸು ಅದನ್ನು ಮತ್ತೆ ಅಗಲ ಮಾಡುತ್ತದೆ. ಆಗ ತೆರೆಯ ಎರಡೂ ಬದಿಯ ಕರಿ ಪರದೆ ಸರಿಯುತ್ತಿತ್ತಲ್ಲ, ಆ ಗಳಿಗೆಗೇ ಮುಂದಿನ ಬೆಂಚಿನವರು ಸಿಳ್ಳೆ ಹೊಡೆಯುತ್ತಿದ್ದರೆಂದು ಕಾಕಾ ಹೇಳುತ್ತಿದ್ದ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಗುರುದತ್ತರ ‘ಕಾಗಜ್ ಕೇ ಫೂಲ್’, 1959. ಅದರ ಕ್ಯಾಮೆರಾ ಹಿಡಿದವರು ಯಾರು ಗೊತ್ತೇ? ನಮ್ಮ ಮೈಸೂರಿನ ವಿ. ಕೆ. ಮೂರ್ತಿ! ಅಗಲ ತೆರೆ ಸಿಕ್ಕಿತೆಂದು ಅವರು ಅದರಲ್ಲಿ ಆನೆ ಕುದುರೆ ತುಂಬಲಿಲ್ಲ. ಖಾಲಿ ಸ್ಟುಡಿಯೋ ತೋರಿಸಿದರು. ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಒಂದು ಕೋಲಿನಂತೆ ಒಳಗೆ ಇಳಿಸಿದರು. ಆ ಬೆಳಕಿನ ಸುತ್ತ ಕತ್ತಲು, ಕತ್ತಲಿನ ಆಚೆ ಈಚೆ ಇಬ್ಬರೇ ಇಬ್ಬರು. ಅವರ ನಡುವಿನ ದೂರವೇ ಕಥೆ. ಈ ಚಿತ್ರವನ್ನು ಎರಡೂ ಬದಿ ಕತ್ತರಿಸಿ ಟೀವಿಗೆ ಹಾಕಿದರೆ ಒಬ್ಬರೇ ಉಳಿಯುತ್ತಾರೆ, ದೂರ ಉಳಿಯುವುದಿಲ್ಲ. ಚಿತ್ರ ಆಗ ಓಡಲಿಲ್ಲ. ಆದರೆ ಮೂರ್ತಿಯವರಿಗೆ ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. 2014ರಲ್ಲಿ, ನಾನು ಕಾಲೇಜು ಬಿಟ್ಟ ವರ್ಷವೇ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಕನ್ನಡಕ್ಕೆ ಸ್ಕೋಪ್ ಬಂದದ್ದು 1977ರಲ್ಲಿ, ಎ. ವಿ. ಶೇಷಗಿರಿರಾವ್ ಅವರ ‘ಸೊಸೆ ತಂದ ಸೌಭಾಗ್ಯ’ದಿಂದ. ಸಾಹಸಸಿಂಹ ವಿಷ್ಣುವರ್ಧನ್, ಮಂಜುಳಾ ಜೋಡಿ! ಅದಕ್ಕೂ ಎರಡು ವರ್ಷ ಮೊದಲು ನಮ್ಮ ರಾಮನಗರದ ಬಂಡೆಗಳು ‘ಶೋಲೆ’ಯಲ್ಲಿ 70 ಎಂ.ಎಂ. ತೆರೆಗೆ ಏರಿದ್ದವು. ಆದರೆ ಅದನ್ನು ಚಿತ್ರೀಕರಿಸಿದ್ದು 35 ಎಂ.ಎಂ. ಕ್ಯಾಮೆರಾದಲ್ಲೇ. 70 ಎಂ.ಎಂ. ಕ್ಯಾಮೆರಾದ ಖರ್ಚು ಹೆಚ್ಚೆಂದು 35ರ ಚೌಕ ಚಿತ್ರವನ್ನೇ ಹಿಗ್ಗಿಸಿ, ಮೇಲೆ ಕೆಳಗೆ ಬಿಟ್ಟು 2.2ರ ಅಳತೆಗೆ ತಂದರು. ಅಂದರೆ ಗಬ್ಬರ್ ಬಂಡೆಯ ಮೇಲೆ ಅಡ್ಡಾಡುವಾಗ ಅವನ ತಲೆಯ ಮೇಲೆ ಎಷ್ಟು ಆಕಾಶ ಬಿಡಬೇಕೆಂದು ರಮೇಶ್ ಸಿಪ್ಪಿ ಮೊದಲೇ ಲೆಕ್ಕ ಹಾಕಲೇಬೇಕಿತ್ತು.

ದೊಡ್ಡವರ ಲೆಕ್ಕಾಚಾರ

ಅಗಲ ಹೆಚ್ಚಿದ್ದರೆ ಚಿತ್ರ ದೊಡ್ಡದು ಎಂದು ನಾವು ಹುಡುಗರು ತಿಳಿದಿರುತ್ತೇವೆ. ಅದು ತಪ್ಪು. ಸ್ಪೀಲ್‌ಬರ್ಗ್ 1993ರಲ್ಲಿ ‘ಜುರಾಸಿಕ್ ಪಾರ್ಕ್’ ಮಾಡುವಾಗ ಸ್ಕೋಪ್ ಬಿಟ್ಟು 1.85 ಆರಿಸಿಕೊಂಡರು. ಡೈನೋಸಾರು ಎತ್ತರದ ಪ್ರಾಣಿ, ಅದಕ್ಕೆ ಬೇಕಾದದ್ದು ಎತ್ತರ! ವೆಸ್ ಆಂಡರ್ಸನ್ 2014ರ ‘ದಿ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ನಲ್ಲಿ ಒಂದೇ ಕಥೆಗೆ ಮೂರು ಅಳತೆ ಹಾಕಿದರು. ಕಾಲ ಬದಲಾದಂತೆ ಚೌಕಟ್ಟೂ ಬದಲು. 1930ರ ದಶಕದ ಕಥೆಗೆ ಆ ಕಾಲದ ಚೌಕವೇ.

ಮನೆಯ ಟೀವಿಯ ಚಿಂತೆ ದೊಡ್ಡ ನಿರ್ದೇಶಕರನ್ನೂ ಬಿಟ್ಟಿಲ್ಲ. ಜೇಮ್ಸ್ ಕ್ಯಾಮೆರಾನ್ 1991ರ ‘ಟರ್ಮಿನೇಟರ್ 2’ ಚಿತ್ರವನ್ನು ಉಪಾಯದಿಂದ ತೆಗೆದರು. ಫಿಲ್ಮಿನಲ್ಲಿ ಮೇಲೆ ಕೆಳಗೆ ಹೆಚ್ಚಿನ ಜಾಗ ಹಿಡಿದಿಟ್ಟು, ಟಾಕೀಜಿಗೆ ಅದನ್ನು ಮುಚ್ಚಿ ಅಗಲವಾಗಿ ತೋರಿಸಿದರು. ವಿಡಿಯೋ ಕ್ಯಾಸೆಟ್ಟಿಗೆ ಮುಚ್ಚಿದ್ದನ್ನು ತೆರೆದರು. ಬದಿಗಿದ್ದವರು ಅಷ್ಟಾಗಿ ಕತ್ತರಿಗೆ ಸಿಗಲಿಲ್ಲ. ಸ್ಟ್ಯಾನ್ಲಿ ಕುಬ್ರಿಕ್ 1980ರ ‘ದಿ ಶೈನಿಂಗ್’ಗೆ ಇಂಥದೇ ದಾರಿ ಹಿಡಿದರು. ಛಾಯಾಗ್ರಾಹಕ ವಿಟೋರಿಯೋ ಸ್ಟೊರಾರೋ ಇನ್ನೂ ಮುಂದೆ ಹೋಗಿ, ಟಾಕೀಜಿಗೂ ಮನೆಗೂ ಒಂದೇ ಅಳತೆ ಇರಲಿ, ಎತ್ತರ 1 ಅಗಲ 2 ಎಂದರು. ಹಾಗೆಂದು ತಾವೇ ಸ್ಕೋಪಿನಲ್ಲಿ ತೆಗೆದಿದ್ದ 1979ರ ‘ಅಪೋಕಲಿಪ್ಸ್ ನೌ’ ಚಿತ್ರವನ್ನು ಡಿವಿಡಿಗೆ 2ರ ಅಳತೆಗೆ ಕತ್ತರಿಸಿದಾಗ ರಸಿಕರು ಸಿಟ್ಟಾದರು! ಇಂದು ಎಷ್ಟೋ ವೆಬ್ ಸೀರೀಸ್‌ಗಳ ಅಳತೆ ಅದೇ.

ನಮ್ಮಲ್ಲಿ ಟೀವಿಯ ಚೌಕವನ್ನು ಒಲಿಸಿಕೊಂಡ ದೊಡ್ಡ ಹೆಸರು ಶಂಕರನಾಗ್. ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದಾಗ ಅವರ ಮುಂದಿದ್ದದ್ದು ದೂರದರ್ಶನದ 4ಕ್ಕೆ 3ರ ಪೆಟ್ಟಿಗೆ. ಅದರೊಳಗೆ ಅವರು ಸ್ವಾಮಿಯ ಮುಖ ಇಟ್ಟರು, ಅಜ್ಜಿಯ ಮಡಿಲು ಇಟ್ಟರು, ಓಣಿಯ ಒಂದು ತುಂಡು ಇಟ್ಟರು. ಸಣ್ಣ ಪೆಟ್ಟಿಗೆ ಸಣ್ಣದೆನಿಸಲಿಲ್ಲ. ಇವತ್ತು ಮಂದಿ ಅದನ್ನೇ ಹೊಸ ಟೀವಿಯಲ್ಲಿ ಹಿಗ್ಗಿಸಿ ನೋಡುತ್ತಾರೆ. ಪಾಪ, ತೆಳ್ಳಗಿನ ಸ್ವಾಮಿ ಗುಂಡಣ್ಣ ಆಗಿಬಿಡುತ್ತಾನೆ!

ಇಷ್ಟೆಲ್ಲ ನೋಡಿದ ಮೇಲೆ ನನಗೆ ತಿಳಿದದ್ದು ಒಂದೇ. ಯಾವ ಅಳತೆಯೂ ಮೇಲಲ್ಲ, ಯಾವುದೂ ಕೀಳಲ್ಲ. ಯಾರನ್ನು ಒಳಗೆ ಇಡಬೇಕು, ಯಾರನ್ನು ಹೊರಗೆ ಬಿಡಬೇಕು ಎಂದು ಕ್ಯಾಮೆರಾದ ಹಿಂದೆ ನಿಂತು ಒಬ್ಬ ಮನುಷ್ಯ ತೀರ್ಮಾನಿಸುತ್ತಾನೆ. ಅದರ ಹೊಣೆ ಅವನದು. ಆ ಮೇಲೆ ಕತ್ತರಿಸುವವನಿಗೆ ಆ ಹೊಣೆಯೂ ಇಲ್ಲ, ಒಳಗಿದ್ದವರ ಗುರುತೂ ಇಲ್ಲ.

ಮತ್ತೆ ಸಿಕ್ಕ ಕಾಕಾ

ತಿಳಿದದ್ದೇನೋ ಆಯಿತು. ಆದರೆ ಕಾಕಾನ ಮುಂದೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಬರೀ ಬಾಯಿಮಾತಿನ ಕ್ಷಮೆಗಿಂತ ಆ ಚಿತ್ರದ ಅಗಲ ಪ್ರತಿಯನ್ನೇ ಅವನ ಕೈಗಿಡಬೇಕೆಂಬ ಹಟ. ಹುಡುಕಿದೆ. ಸಿಕ್ಕಿದ್ದೆಲ್ಲ ಚೌಕವೇ.

2020ರಲ್ಲಿ ಲಾಕ್‌ಡೌನ್ ಬಂತು. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು ನಿಂತವು. ಆ ಖಟಪಟ ಸದ್ದು ನಿಂತ ಊರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನನಗೂ ಬರೆಯುವ ಕೆಲಸ ಇಲ್ಲ. ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿ ಮೊಬೈಲ್ ಉಜ್ಜುತ್ತಿದ್ದಾಗ ಆ ಚಿತ್ರ ಯೂಟ್ಯೂಬಿನಲ್ಲಿ ಕಂಡಿತು. ಯಾರೋ ಪುಣ್ಯಾತ್ಮರು ಪೂರ್ತಿ ಸ್ಕೋಪಿನಲ್ಲಿ ಹಾಕಿದ್ದರು! ಚಹಾದಂಗಡಿಯ ದೃಶ್ಯಕ್ಕೆ ಓಡಿಸಿದೆ. ಹೀರೋ, ಖಳನಾಯಕ... ಎಡ ತುದಿಯಲ್ಲಿ ಗ್ಲಾಸು, ಗ್ಲಾಸಿನ ಹಿಂದೆ ತೆಳ್ಳಗಿನ ಮೀಸೆ, ತೆರೆದ ಬಾಯಿ.

ಆ ವಯಸ್ಸಿನ ಕಾಕಾ ಈಗಿನ ನನ್ನ ಹಾಗೇ ಇದ್ದ.

ಬೆಳಗಿನ ತನಕ ನಿದ್ದೆ ಬರಲಿಲ್ಲ. ಎದ್ದ ಕೂಡಲೆ ಅವನ ಕೈಗೆ ಮೊಬೈಲು ಕೊಟ್ಟೆ. “ಕಾಕಾ, ನಾ ಸಣ್ಣಾಂವ ಇದ್ದಾಗ ಒಂದ ಮಾತ ಅಂದಿದ್ದೆ. ಅದು ತಪ್ಪಾತು” ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದ. ಇನ್ನೊಮ್ಮೆ ಹಾಕು ಎಂದ. ಮತ್ತೂ ಒಮ್ಮೆ.

“ನನ್ನ ಬಾಜೂಕ ಇನ್ನೊಬ್ಬಾಂವ ನಿಂತಿದ್ನೋ. ಹಾವೇರಿ ಕಡ್ಯಾಂವ. ನನ್ನ ಕೂಡ ಅಂವಾನೂ ಮುಂಜಾನಿಂದ ಬಿಸಿಲಾಗ ನಿಂತಾನ. ಕಾಣವಲ್ಲಲ್ಲೋ...”

ನಾನು ಮತ್ತೆ ನೋಡಿದೆ. ಇಲ್ಲ. ಕಾಕಾನ ಹೆಗಲಿಗೇ ಚೌಕಟ್ಟು ಮುಗಿದಿತ್ತು.

“ಅಂವನ್ನ ಸೀಡಿಯವ್ರು ಕತ್ತರಿಸಿಲ್ಲ ಕಾಕಾ. ಕ್ಯಾಮೆರಾದಾಗನ ಬಂದಿಲ್ಲ.”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಂಗಾರ ಅದು ಡೈರೆಕ್ಟರ್ ಹಾಕಿದ ಗೆರಿ. ಅದಕ್ಕ ಏನ ಅನ್ನಾಕ ಬರೂದಿಲ್ಲ. ಎಲ್ಲೋ ಒಂದ ಕಡೆ ದಡಿ ಹಾಕಬೇಕಲ್ಲ” ಎಂದ. ಮೂವತ್ತು ವರ್ಷ ಸೀರೆಗೆ ದಡಿ ಹಾಕಿದವನ ಮಾತು! ಆ ಮೇಲೆ ಮೊಬೈಲು ಹಿಡಿದುಕೊಂಡು ಓಣಿಗೆ ಹೋದ. ಅವನನ್ನು ‘ಹೀರೋ’ ಎಂದು ಕರೆದವರಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದವರಿಗೆಲ್ಲ ಬಾಗಿಲ ಹೊರಗೇ ನಿಂತು, ಮುಖಕ್ಕೆ ಟವೆಲ್ ಕಟ್ಟಿಕೊಂಡು, ಒಬ್ಬೊಬ್ಬರಿಗೇ ತೋರಿಸಿ ಬಂದ.

ಲಾಕ್‌ಡೌನ್ ಮುಗಿದ ಮೇಲೆ ಮನೆಗೆ ದೊಡ್ಡ ಟೀವಿ ಬಂತು. ಮೊದಲ ದಿನವೇ ಆ ಚಿತ್ರ ಹಾಕಿದೆವು. ಮೇಲೆ ಕೆಳಗೆ ಕರಿ ಪಟ್ಟಿ ಕಂಡು ನನ್ನ ತಮ್ಮನಿಗೆ ಸಮಾಧಾನ ಇಲ್ಲ. “ಇಷ್ಟ ರೊಕ್ಕಾ ಕೊಟ್ಟ ಟೀವಿ ತಂದೀವಿ, ಅರ್ಧಾ ಕರೇದ ಬರ್ತೈತಲ್ಲ!” ಎಂದು ರಿಮೋಟಿನಲ್ಲಿ ಝೂಮ್ ಒತ್ತಿದ. ಟೀವಿ ತುಂಬಿತು. ಚಹಾದಂಗಡಿ ಬಂತು. ಕಾಕಾ ಮತ್ತೆ ಮಾಯ!

ಬಾಗಿಲಲ್ಲಿ ನಿಂತಿದ್ದ ಕಾಕಿ ಒಳಗೆ ಬಂದು ರಿಮೋಟು ಕಸಿದುಕೊಂಡಳು.

“ಆ ಕರೀ ಪಟ್ಟಿ ಇರಲಿ ಬಿಡೋ ಮೂಳಾ! ನಿಮ್ಮ ಕಾಕಾ ಬರ್ತಾನ.”

ಚಿತ್ರರಸಿಕ ಗೆಳೆಯರೇ, ಮನೆಯಲ್ಲಿ ಚಿತ್ರ ನೋಡುವಾಗ ಕರಿ ಪಟ್ಟಿ ಕಂಡರೆ ಬೇಸರ ಪಡಬೇಡಿ. ಝೂಮ್ ಗುಂಡಿಗೆ ಕೈ ಹಾಕುವ ಮೊದಲು ಒಮ್ಮೆ ತೆರೆಯ ಎರಡೂ ಅಂಚು ನೋಡಿ. ಅಲ್ಲಿ ಯಾರದೋ ಕಾಕಾ ಚಹಾದ ಗ್ಲಾಸು ಹಿಡಿದು ನಿಂತಿರಬಹುದು.